ದೋಣಿಯ ಮೂತಿಯಲ್ಲಿ ಎಂಟು ಕಿಲೋ

ಜನವರಿ ೫

ದೋಣಿ ಯಜಮಾನರಿಗೆ ನಮಸ್ಕಾರ.

ಮೊದಲು ಖರ್ಚಿನ ಪಟ್ಟಿ ಒಪ್ಪಿಸಿಬಿಡುತ್ತೇನೆ, ಆಮೇಲೆ ನಾನು ಯಾರೆಂದು ಹೇಳುತ್ತೇನೆ. ಮನುಷ್ಯನನ್ನು ಅಳೆಯುವುದಕ್ಕೆ ಅವನ ಮಾತಿಗಿಂತ ಅವನ ಖರ್ಚು ವಾಸಿ. ಗಾಳದ ಕೋಲು ಎರಡು, ಹನ್ನೊಂದು ಸಾವಿರ. ರೀಲು ಒಂಬತ್ತು ಸಾವಿರದ ಇನ್ನೂರು. (ಅಂಗಡಿಯವನು ಹದಿಮೂರು ಅಂದ. ನಾನು ಎದ್ದು ಬಾಗಿಲವರೆಗೆ ಹೋದೆ. ಹೊಸ್ತಿಲು ದಾಟುವಷ್ಟರಲ್ಲಿ ಇಳಿದ.) ಮುನ್ನೂರು ಮೀಟರ್ ದಾರ ಸಾವಿರದ ಎಂಟುನೂರು. ಕೊಕ್ಕೆಗಳು ಆರುನೂರ ಐವತ್ತು. ಬಿಸಿಲಿಗೆ ಟೋಪಿ ನಾನೂರು, ಸೊಳ್ಳೆಗೂ ಹೊಟ್ಟೆಗೂ ಸೇರಿ ಔಷಧಿ ಮುನ್ನೂರ ಐವತ್ತು. ಒಟ್ಟು ಇಪ್ಪತ್ತಮೂರು ಸಾವಿರದ ನಾನೂರು. ಇಷ್ಟಾದರೂ ಇನ್ನೂ ಒಂದು ಬೊಗಸೆ ನೀರು ಕಣ್ಣಿಗೆ ಬಿದ್ದಿಲ್ಲ.

ನಾನು ಗುಜರಿ ಅಂಗಡಿಯವನು. ತಳ್ಳುಗಾಡಿಯಿಂದ ಶುರು ಮಾಡಿದವನು, ಈಗ ಎರಡು ಗೋದಾಮು ಇವೆ. ಐವತ್ತು ದಾಟಿದ ಮೇಲೆ ಒಂದು ಆಸೆ ಹುಟ್ಟಿದೆ: ನಿಮ್ಮ ನದಿಯಲ್ಲಿ ಮನುಷ್ಯನ ಎದೆಯವರೆಗೆ ಬರುವ ಮೀನಿದೆಯಂತೆ, ಅದನ್ನು ಒಮ್ಮೆ ಹಿಡಿದು, ಮುಖ ನೋಡಿ, ಬಿಟ್ಟುಬಿಡಬೇಕು. ಪರಿಚಯದವರೊಬ್ಬರ ಹಳೆಯ ಗಾಳದ ಪೆಟ್ಟಿಗೆಯಲ್ಲಿ ನಿಮ್ಮ ವಿಳಾಸ ಸಿಕ್ಕಿತು. ಅಲ್ಲಿ ಫೋನು ಹಿಡಿಯುವುದಿಲ್ಲವೆಂದು ಕೇಳಿ ಕಾಗದ ಬರೆಯುತ್ತಿದ್ದೇನೆ. ಬರುವವನು ನಾನೊಬ್ಬನೇ. ಕೋಲು ಎರಡೇಕೆ ಎಂದು ಕೇಳಬೇಡಿ, ಜೋಡಿ ಕೊಂಡರೆ ರಿಯಾಯಿತಿ ಇತ್ತು.

ಯಾವಾಗ ಬರಲಿ, ಏನು ತರಲಿ, ತಿಳಿಸಿ.

ಗುಜರಿಯವನು


ಜನವರಿ ೧೭

ಗುಜರಿ ಸಾಹುಕಾರರಿಗೆ ದೋಣಿಯವನ ನಮಸ್ಕಾರ.

ಕಾಗದ ತಲುಪಿತು. ಗಾಳದವರನ್ನು ನೀರಿಗೆ ಕರೆದೊಯ್ಯುವುದನ್ನು ಬಿಟ್ಟು ಇಪ್ಪತ್ತೆರಡು ವರ್ಷವಾಯಿತು. ಆಚೆ ದಡದಿಂದ ಈಚೆ ದಡಕ್ಕೆ ಸೌದೆ ಸಾಗಿಸುತ್ತೇನೆ. ಆದರೂ ನೀವು ಬರುವುದಾದರೆ ದೋಣಿ ಇಳಿಸುತ್ತೇನೆ.

ಮಾರ್ಚ್ ಎರಡನೆಯ ವಾರ ಬನ್ನಿ. ಆಗ ನೀರು ತಿಳಿಯಾಗಿರುತ್ತದೆ, ಹರಿವು ಇಳಿದಿರುತ್ತದೆ, ದೊಡ್ಡ ಮೀನು ಬಂಡೆಸಾಲಿನ ಕೆಳಗಿನ ಮಡುವಿನಲ್ಲಿ ಸೇರಿರುತ್ತದೆ.

ನಮ್ಮದು ಒಂದೇ ಮರ ಕೊರೆದ ದೋಣಿ. ಉದ್ದ ಬಹಳ, ಅಗಲ ಕಡಿಮೆ. ಮೂತಿಯಲ್ಲಿ ಒಬ್ಬರು, ನಡುವೆ ಒಬ್ಬರು, ಬಾಲದಲ್ಲಿ ನಾನು. ತೂಕ ಹೊಂದದಿದ್ದರೆ ಅದು ಮಾತು ಕೇಳುವುದಿಲ್ಲ. ಅದಕ್ಕೇ ನಾನು ಬರುವವರಿಂದ ಮೊದಲೇ ತೂಕ ಬರೆಸಿಕೊಳ್ಳುತ್ತೇನೆ. ನನ್ನ ಹತ್ತಿರ ತೂಗಿ ಅಂಕಿ ಬರೆದಿಟ್ಟ ಕಲ್ಲುಗಳಿವೆ. ಹೆಸರು ಕೊಟ್ಟು ಬಾರದವರ ಜಾಗದಲ್ಲಿ ಅವರ ತೂಕದ ಕಲ್ಲು ಕೂರಿಸಿ, ಹಗ್ಗ ಬಿಗಿದು ಹೊರಡುತ್ತೇನೆ.

ನಿಮ್ಮ ತೂಕ ಬರೆಯಿರಿ. ಎಲ್ಲಿ ತೂಗಿಸಿದಿರಿ ಎಂದೂ ಬರೆಯಿರಿ. ಜೊತೆಯವರ ತೂಕವನ್ನೂ ಬರೆಯಿರಿ. ನಾನು ಇಬ್ಬರಿಗೆ ಜಾಗ ಮಾಡುತ್ತಿದ್ದೇನೆ.

ನಿಮ್ಮ ಗುಲಾಬಿ ಬಣ್ಣದ ಕಾಗದ ಇನ್ನೂ ಚೆನ್ನಾಗಿದೆ.

ದೋಣಿಯವನು


ಜನವರಿ ೨೮

ದೋಣಿ ಯಜಮಾನರಿಗೆ,

ಕಾಗದ ಹೊಗಳಿದವರು ನೀವೇ ಮೊದಲು. ಇದು ನಮ್ಮ ತೂಕದ ಚೀಟಿ. ಮುಚ್ಚಿಹೋದ ಒಂದು ಛಾಪಖಾನೆಯ ಹರಾಜಿನಲ್ಲಿ ಹೊರೆಗಟ್ಟಲೆ ಕೊಂಡದ್ದು, ಇಪ್ಪತ್ತೈದು ವರ್ಷವಾದರೂ ಮುಗಿದಿಲ್ಲ. ಒಂದು ಬದಿ ಖಾಲಿ ಇರುವಾಗ ಹೊಸ ಕಾಗದಕ್ಕೆ ದುಡ್ಡು ಸುರಿಯುವಷ್ಟು ನಾನಿನ್ನೂ ದೊಡ್ಡ ಮನುಷ್ಯನಾಗಿಲ್ಲ.

ನನ್ನ ತೂಕ ಎಂಬತ್ತಮೂರು. ದವಾಖಾನೆಯಲ್ಲಿ ತೂಗಿಸಿದೆ. ನರ್ಸಮ್ಮ, “ಚಪ್ಪಲಿ ಬಿಡಿ, ಜೇಬಲ್ಲಿರೋದು ತೆಗೀರಿ” ಅಂದರು. ಜೇಬಿನಲ್ಲಿ ನಾಲ್ಕು ಬೋಲ್ಟು, ಒಂದು ಹಿತ್ತಾಳೆ ನಲ್ಲಿ. “ಇದೇನ್ರೀ, ಅಂಗಡೀನೇ ಹೊತ್ಕೊಂಡು ಓಡಾಡ್ತೀರಲ್ಲ” ಅಂತ ನಕ್ಕರು. ತೆಗೆದಿಟ್ಟು ಮತ್ತೆ ನಿಂತೆ. ಎಂಬತ್ತಮೂರು ಸುಳ್ಳಲ್ಲ.

ಜೊತೆಯವರು ಯಾರೂ ಇಲ್ಲವೆಂದು ಮೊದಲೇ ಬರೆದಿದ್ದೆ. ಇಬ್ಬರ ಬಾಡಿಗೆ ಹಾಕುವ ಉಪಾಯವಾದರೆ ನೇರವಾಗಿ ಹೇಳಿ, ನಾನೂ ಅದೇ ಸಂತೆಯವನು.

ಮೀನಿಗೆ ಹಿಟ್ಟಿನ ಉಂಡೆ ಕಟ್ಟಬೇಕೋ, ಸಣ್ಣ ಮೀನೋ? ಇನ್ನೊಂದು ವಿಷಯ, ಬರೀ ವ್ಯಾಪಾರದವನ ಕುತೂಹಲ: ಮೂತಿಯಲ್ಲಿ ಕೂತವನ ತೂಕ ಬರೆದದ್ದಕ್ಕಿಂತ ನಾಲ್ಕು ಕಿಲೋ ಹೆಚ್ಚಿದ್ದರೆ ಏನಾಗುತ್ತದೆ? ಹತ್ತು ಹೆಚ್ಚಿದ್ದರೆ?

ಗುಜರಿಯವನು


ಫೆಬ್ರವರಿ ೯

ಸಾಹುಕಾರರಿಗೆ,

ಬೆಳಗಿನ ಹೊತ್ತು ಹಿಟ್ಟಿನ ಉಂಡೆ. ಗಟ್ಟಿಯಾಗಿ ಕಲಸಿ, ನಿಂಬೆಗಾತ್ರಕ್ಕೆ ಕಟ್ಟಿ, ಬೇಯಿಸಿ ತನ್ನಿ. ಬಿಸಿಲು ಏರಿದ ಮೇಲೆ ಸಣ್ಣ ಮೀನು, ಅದು ನನ್ನ ಬಲೆಯಲ್ಲಿರುತ್ತದೆ. ದೊಡ್ಡದು ಕಚ್ಚಿದಾಗ ಎಳೆಯಬೇಡಿ, ದಾರ ಬಿಡುತ್ತ ಹೋಗಿ. ಮೊದಲ ಓಟ ಅದರದು.

ನಾಲ್ಕು ಕಿಲೋ ಹೆಚ್ಚಿದ್ದರೆ ಏನೂ ಆಗುವುದಿಲ್ಲ, ನಾನು ಕೂತಲ್ಲೇ ಒಂದಿಷ್ಟು ಹಿಂದೆ ಸರಿಯುತ್ತೇನೆ. ಹತ್ತು ಹೆಚ್ಚಿದ್ದರೆ ದಡದಲ್ಲೇ ಗೊತ್ತಾಗುತ್ತದೆ, ಹೊರಡುವುದಿಲ್ಲ. ಕೆಟ್ಟದ್ದು ಎಂಟು ಕಿಲೋ. ಎಂಟಕ್ಕೆ ಮೂತಿ ಮೂರು ಬೆರಳು ಇಳಿಯುತ್ತದೆ. ಇದೆಯೋ ಇಲ್ಲವೋ ಎಂಬಂತಿರುತ್ತದೆ. ನಿಂತ ನೀರಿನಲ್ಲಿ ತೊಂದರೆಯಿಲ್ಲ. ಬಂಡೆಸಾಲಿನ ಹತ್ತಿರ ಮೀನು ಎಳೆದು, ಮನುಷ್ಯ ಮುಂದಕ್ಕೆ ಬಾಗಿದರೆ, ಆ ಮೂರು ಬೆರಳೇ ಬಾಗಿಲು.

ಹೋದ ವಾರ ದೋಣಿಗೆ ಡಾಂಬರು ಬಳಿದು, ಒಣಗಿಸಿ, ನೀರಿಗಿಳಿಸಿದೆ. ಒಳಗೆ ಯಾರಿಲ್ಲ, ಏನಿಲ್ಲ. ಮೂತಿ ಮೂರು ಬೆರಳು ತಗ್ಗಿ ನಿಂತಿತು. ಸಮವಾಗುವವರೆಗೆ ಬಾಲದ ಕಡೆ ಕಲ್ಲು ಇಟ್ಟು ನೋಡಿದೆ. ಎಂಟು ಕಿಲೋ ಹಿಡಿಯಿತು. ಇದು ಆ ದೋಣಿಯೂ ಅಲ್ಲ, ಆಮೇಲೆ ನಾನೇ ಕೊರೆದದ್ದು. ನೀವು ತೂಕದ ಕಸುಬಿನವರು, ಕಾರಣ ಹೊಳೆದರೆ ಬರೆಯಿರಿ.

ಅಂಗಡಿಯಲ್ಲೇ ತಕ್ಕಡಿ ಇಟ್ಟುಕೊಂಡು ದವಾಖಾನೆಗೇಕೆ ಹೋದಿರಿ?

ದೋಣಿಯವನು


ಫೆಬ್ರವರಿ ೨೦

ದೋಣಿ ಯಜಮಾನರಿಗೆ,

ಮೂರು ಸಲ ಉತ್ತರ ಬರೆದು ಹರಿದೆ. ಮೊದಲನೆಯದರಲ್ಲಿ ಮರ ನೀರು ಕುಡಿದಿರಬೇಕೆಂದು ಬರೆದಿದ್ದೆ. ಎರಡನೆಯದರಲ್ಲಿ ಡಾಂಬರು ಒಂದೇ ಕಡೆ ದಪ್ಪಗಾಗಿರಬೇಕೆಂದು. ಮೂರನೆಯದರಲ್ಲಿ ನಿಮಗೆ ವಯಸ್ಸಾಯಿತೆಂದು ಬರೆದಿದ್ದೆ. ಮೂರೂ ಜಾಣತನದ ಉತ್ತರಗಳೇ. ಈಗ ನಡೆದದ್ದನ್ನು ಬರೆಯುತ್ತೇನೆ.

ನಮ್ಮ ಅಂಗಡಿಯ ನೆಲದ ತಕ್ಕಡಿ ಡಿಸೆಂಬರಿನಿಂದ ಖಾಲಿ ಇದ್ದಾಗ ಎಂಟು ಕಿಲೋ ತೋರಿಸುತ್ತಿದೆ. ಬೆಳಿಗ್ಗೆ ಷಟರ್ ಎತ್ತಿ ನೋಡಿದರೆ ಮುಳ್ಳು ಎಂಟರ ಮೇಲಿರುತ್ತದೆ. ಪ್ರತಿ ತೂಕದಲ್ಲೂ ಎಂಟು ಕಳೆದು ಬರೆಯುತ್ತೇನೆ. ರಿಪೇರಿಯವನು ಮೂರು ಸಲ ಬಂದು ಬಿಚ್ಚಿ ಕಟ್ಟಿದ. ಮೂರನೆಯ ಸಲ ಕೈ ಒರೆಸಿಕೊಳ್ಳುತ್ತ, “ಸಾಹುಕಾರ್ರೇ, ತಕ್ಕಡಿಗೆ ಏನೂ ಆಗಿಲ್ಲ. ಯಾರೋ ಒಂದು ಕಾಲು ಇಟ್ಕೊಂಡು ನಿಂತಂಗಿದೆ ಅಷ್ಟೆ” ಅಂದ. ತಮಾಷೆಗೇ ಅಂದದ್ದು. ಅವನ ಕೂಲಿ ಕೊಟ್ಟು ಕಳಿಸಿದೆ, ಮತ್ತೆ ಕರೆಸಲಿಲ್ಲ.

ಡಿಸೆಂಬರಿನಲ್ಲಿ ಏನಾಯಿತೆಂದರೆ, ಅತ್ತಿಗೆ ಮನೆ ಖಾಲಿ ಮಾಡುವಾಗ ಅಣ್ಣನ ಗಾಳದ ಪೆಟ್ಟಿಗೆಯನ್ನು ನನಗೆ ಕೊಟ್ಟರು. ಅದರಲ್ಲಿ ನಿಮ್ಮ ಹಳೆಯ ಕಾಗದವಿತ್ತು. “ಮೂತಿಯಲ್ಲಿ ಎಪ್ಪತ್ತು, ನಡುವೆ ಐವತ್ನಾಲ್ಕು, ಇದರಂತೆ ಕಲ್ಲು ಹೊಂದಿಸಿದ್ದೇನೆ” ಎಂದು ಬರೆದಿದ್ದಿರಿ.

ಆ ಐವತ್ನಾಲ್ಕು ನಾನು. ಬರದೇ ಉಳಿದ ತಮ್ಮ. ಇಷ್ಟು ನಿಮಗೆ ಮೊದಲೇ ಗೊತ್ತಿತ್ತೆಂದು ಕಾಣುತ್ತದೆ. ಯಾವಾಗ ಗೊತ್ತಾಯಿತು?

ಗುಜರಿಯವನು


ಫೆಬ್ರವರಿ ೨೭

ತಮ್ಮನವರಿಗೆ,

ಮೊದಲ ದಿನವೇ. ಲಕೋಟೆ ಒಡೆದಾಗ ಗುಲಾಬಿ ಚೀಟಿ ಕಂಡಿತು. ಅಂಥದೇ ಇನ್ನೊಂದು ನನ್ನ ಪೆಟ್ಟಿಗೆಯಲ್ಲಿದೆ. ಅದರ ಮೇಲೆ ಇದೇ ಕೈಬರಹದಲ್ಲಿ “ಅಣ್ಣ ೭೦, ತಮ್ಮ ೫೪” ಎಂದಿದೆ.

ನಿಮ್ಮಣ್ಣ ಒಬ್ಬರೇ ಬಂದರು. ತಮ್ಮನಿಗೆ ಜ್ವರವೆಂದರು. ನಾನು ನಡುವಿನ ಜಾಗದಲ್ಲಿ ಐವತ್ನಾಲ್ಕರ ಕಲ್ಲು ಕೂರಿಸಿದೆ. ಅವರಿಗೆ ನಗುವೋ ನಗು. “ಸದ್ಯ, ಇವನಾದ್ರೂ ಚೌಕಾಸಿ ಮಾಡಲ್ಲ” ಅಂದರು. ಎರಡು ದಿನವೂ ಆ ಕಲ್ಲಿನ ಜೊತೆ ಮಾತಾಡಿದರು. “ಲೋ, ನೆಟ್ಟಗೆ ಕೂತ್ಕೊಳೋ.” “ಏನೋ, ಮೀನು ಕಂಡ ತಕ್ಷಣ ಕಿಲೋಗೆ ಎಷ್ಟು ಅಂತ ಕೇಳ್ತಿದೀಯಾ?” ಟೀ ಕುಡಿಯುವಾಗ ಅದರ ಮುಂದೊಂದು ಲೋಟ ಇಡುತ್ತಿದ್ದರು. ಬಿಸಿಲು ಏರಿದಾಗ ತಮ್ಮ ಟವೆಲನ್ನು ಒದ್ದೆ ಮಾಡಿ ಅದರ ಮೇಲೆ ಹೊದಿಸಿದರು. “ಜ್ವರದವನು ಪಾಪ” ಅಂದರು.

ಮೂತಿ ತಗ್ಗಿರುವುದನ್ನು ನಾನು ಮೊದಲ ದಿನವೇ ನೋಡಿದೆ. “ಸ್ವಾಮೀ, ಮೂತಿ ಸ್ವಲ್ಪ ಇಳೀತಿದೆ. ಒಂದ್ಸಲ ತೂಗಿ ನೋಡೋಣ್ವಾ?” ಅಂದೆ. ಅವರು, “ನನ್ನ ತಮ್ಮನ ತಕ್ಕಡಿ ಕಣಯ್ಯಾ ಅದು. ನಿನ್ನ ನದಿ ಸುಳ್ಳು ಹೇಳಬಹುದು, ಅದು ಹೇಳಲ್ಲ” ಅಂದರು. ನನ್ನ ತೊಲೆ ತಕ್ಕಡಿ ಹತ್ತು ಹೆಜ್ಜೆ ದೂರದ ಮರಕ್ಕೆ ತೂಗುಹಾಕಿತ್ತು. ಬರೆದುಕೊಟ್ಟ ದೊಡ್ಡವರನ್ನು ಮತ್ತೆ ತೂಗುವುದು ಅವಮಾನವೆಂದು ಸುಮ್ಮನಾದೆ.

ಎರಡನೆಯ ದಿನ ಬಂಡೆಸಾಲಿನ ಹತ್ತಿರ ಮೀನು ಎಳೆಯಿತು, ಅವರು ಮುಂದಕ್ಕೆ ಬಾಗಿದರು, ದೋಣಿ ಮಗುಚಿತು. ಶವ ಸಿಗಲಿಲ್ಲ, ನಿಮಗೆ ಗೊತ್ತು. ತೂಗಿ ನೋಡಲು ಏನೂ ಇರಲಿಲ್ಲ. ಅದಕ್ಕೇ ಅಧಿಕಾರಿ ನಿಮ್ಮನ್ನು ಕೇಳಿದರು, ನೀವು ಎಪ್ಪತ್ತು ಎಂದಿರಿ. ಎಪ್ಪತ್ತಾದರೆ ತಪ್ಪು ಕಲ್ಲು ಹೊಂದಿಸಿದವನದೇ. ಲೈಸೆನ್ಸ್ ಹೋಯಿತು. ದೋಣಿಯವನು ಕುಡಿದಿದ್ದನೆಂದು ಜನ ಸೇರಿಸಿಕೊಂಡರು. ಆ ಕಲ್ಲುಗಳನ್ನು ನಾನು ಇಪ್ಪತ್ತೆರಡು ವರ್ಷ ಮತ್ತೆ ಮತ್ತೆ ತೂಗಿದ್ದೇನೆ. ಒಂದು ಗ್ರಾಂ ಆಚೀಚೆ ಇಲ್ಲ. ಆದರೂ ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿದೆ.

ಬಾಡಿಗೆ ಬೇಡ, ಏನೂ ಬೇಡ. ಒಂದೇ ಮಾತು ತಿಳಿಸಿ. ಎಪ್ಪತ್ತು ಸರಿಯೇ?

ದೋಣಿಯವನು


ಮಾರ್ಚ್ ೩

ಅಣ್ಣಾ,

ಸರಿಯಲ್ಲ. ನಮ್ಮಣ್ಣನ ತೂಕ ಎಪ್ಪತ್ತೆಂಟು.

ಗುಜರಿಯವನು ತೂಕ ಮಾಡಿ ಕೊಳ್ಳುವವನು. ಮುಳ್ಳು ಕಡಿಮೆ ತೋರಿಸಿದಷ್ಟೂ ಅವನಿಗೆ ಲಾಭ. ಆಗ ನಮ್ಮ ತಕ್ಕಡಿ ಹತ್ತಕ್ಕೆ ಒಂಬತ್ತು ತೋರಿಸುತ್ತಿತ್ತು. ಸ್ಪ್ರಿಂಗಿಗೆ ನಾನೇ ಕೈ ಹಾಕಿದ್ದೆ. ಅಣ್ಣನಿಗೆ ಗೊತ್ತಿರಲಿಲ್ಲ. ಅವನು ಶಾಲೆ ಮೇಷ್ಟ್ರು, ನನ್ನ ಮೊದಲ ತಳ್ಳುಗಾಡಿ ಅವನ ಸಂಬಳದ್ದು. ನಿಮ್ಮ ಕಾಗದ ಬಂದ ದಿನ ಅಂಗಡಿಗೆ ಬಂದು, “ಎಲ್ಲಿ, ನಮ್ಮಿಬ್ಬರನ್ನೂ ಗುಜರಿಗೆ ಹಾಕು ನೋಡೋಣ” ಅಂತ ತಕ್ಕಡಿ ಹತ್ತಿದ. ಆರು ಜನ ಗಿರಾಕಿಗಳು ನಿಂತಿದ್ದರು. ಅವರೆದುರು “ಇದು ಸುಳ್ಳು ತೋರಿಸುತ್ತೆ ಅಣ್ಣಾ” ಎಂದು ಹೇಗೆ ಹೇಳಲಿ? ಎಪ್ಪತ್ತು ಎಂದು ಬರೆದೆ. ಆಮೇಲೆ ಹೇಳಿದರಾಯಿತು ಅಂದುಕೊಂಡೆ, ಮರೆತೆ.

ಜ್ವರವೂ ಸುಳ್ಳು. ಆ ದಿನ ಒಂದು ಕಾರ್ಖಾನೆಯ ಹಳೆ ಕಬ್ಬಿಣದ ಹರಾಜಿತ್ತು.

ಅಧಿಕಾರಿ ಕೇಳಿದಾಗ ಮರೆತಿರಲಿಲ್ಲ. ಎಪ್ಪತ್ತೆಂಟು ಅಂದರೆ ಚೀಟಿಯಲ್ಲಿ ಎಪ್ಪತ್ತೇಕೆ ಎಂಬ ಪ್ರಶ್ನೆ ಬರುತ್ತಿತ್ತು. ಒಂದು ಅಂಕಿ ನುಂಗಿದೆ, ನಿಮ್ಮ ಕಸುಬು ಹೋಯಿತು. ಅಂಗಡಿಗೆ ಮರಳಿ ತಕ್ಕಡಿಯನ್ನು ಸರಿ ಮಾಡಿದೆ. ಅಂದಿನಿಂದ ಅದು ಸತ್ಯವನ್ನೇ ತೋರಿಸುತ್ತಿದೆ ಎಂದು ಬೀಗುತ್ತಿದ್ದೆ. ನಿಮ್ಮ ಕಾಗದ ಸಿಗುವವರೆಗೆ ಆ ಎಪ್ಪತ್ತು ದೋಣಿಯ ಕಲ್ಲಿನವರೆಗೆ ಹೋಗಿತ್ತೆಂದು ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಕೈ ಹೋಗುತ್ತದೆ. ಆದರೆ ಅಧಿಕಾರಿ ಯಾಕೆ ಕೇಳುತ್ತಿದ್ದಾರೆಂದು ತಿಳಿಯದಷ್ಟು ದಡ್ಡನಾಗಿದ್ದರೆ ನಾನು ಎರಡು ಗೋದಾಮು ಕಟ್ಟುತ್ತಿರಲಿಲ್ಲ.

ಮೀನಿನ ಆಸೆ ನನಗೆ ಯಾವತ್ತೂ ಇರಲಿಲ್ಲ. ನಾಲ್ಕು ಕಿಲೋನೋ ಹತ್ತು ಕಿಲೋನೋ ಎಂದು ಕೇಳುವುದಕ್ಕೇ ಇಷ್ಟು ಸಾಮಾನು ಕೊಂಡೆ.

ಈಗ ಬರಲೋ, ಬೇಡವೋ?


ಮಾರ್ಚ್ ೮

ಬನ್ನಿ. ಕೋಲು ಎರಡನ್ನೂ ತನ್ನಿ.


ಏಪ್ರಿಲ್ ೨

ಅಣ್ಣಾ,

ನೀವು ಅಲ್ಲೇ ಇದ್ದಿರಿ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ದೋಣಿಯಲ್ಲಿ ನಾವಿಬ್ಬರೂ ಬಾಯಿ ಬಿಡಲಿಲ್ಲ, ದಡ ಹತ್ತಿದ ಮೇಲೂ ಬಿಡಲಿಲ್ಲ. ನಾನು ಕಂಡದ್ದನ್ನು ನೀವೂ ಕಂಡಿರಾ ಎಂದು ಗೊತ್ತಾಗಬೇಕು.

ನಿಮ್ಮ ತೊಲೆ ತಕ್ಕಡಿಗೆ ನೇತುಬಿದ್ದು ತೂಗಿಸಿಕೊಂಡೆ. ಎಂಬತ್ತಮೂರು, ದವಾಖಾನೆಯಷ್ಟೇ. ನೀವು ನನ್ನನ್ನು ನಡುವೆ ಕೂರಿಸಿದಿರಿ. “ಇದು ನಿಮ್ಮ ಜಾಗ” ಅಂದಿರಿ. ಮೂತಿ ಖಾಲಿ. ಎರಡನೆಯ ಕೋಲನ್ನು ಅಲ್ಲಿ ಒರಗಿಸಿ, ಉಂಡೆ ಕಟ್ಟಿ, ದಾರ ಬಿಟ್ಟಿರಿ. ಮೂತಿಯಲ್ಲಿ ಯಾರೂ ಇಲ್ಲದೆ, ನಡುವೆ ಎಂಬತ್ತಮೂರು, ಬಾಲದಲ್ಲಿ ನೀವು: ನನ್ನ ಲೆಕ್ಕದಂತೆ ಮೂತಿ ಆಕಾಶ ನೋಡಬೇಕಿತ್ತು. ದೋಣಿ ಸಮವಾಗಿ ನಿಂತಿತು. ನಾನು ಕೈಚಾಚಿ ಅಂಚು ಅಳೆದೆ. ಮುಂದೆ ನಾಲ್ಕು ಬೆರಳು, ಹಿಂದೆ ನಾಲ್ಕು ಬೆರಳು.

ಬಂಡೆಸಾಲಿನ ಕೆಳಗೆ ನನ್ನ ಕೋಲು ಸುಮ್ಮನಿತ್ತು, ಮೂತಿಯದು ಬಾಗಿತು. ರೀಲು ಕಿರುಚಿಕೊಂಡು ಓಡಿತು. ನಾನು ಕೈ ಹಾಕಲಿಲ್ಲ, ನೀವೂ ಹಾಕಲಿಲ್ಲ. ಯಾರೂ ಎಳೆಯದೆ, ಮೊದಲ ಓಟ ಅದಕ್ಕೇ ಬಿಟ್ಟು, ಆಮೇಲೆ ದಾರ ನಿಧಾನವಾಗಿ ಸುತ್ತಿಕೊಂಡಿತೇ? ನಾನು ನೋಡಿದ್ದು ಹಾಗೆ. ಮೀನು ಮೇಲೆದ್ದು ಒಂದು ಸಲ ಮಗ್ಗುಲಾಯಿತು. ಹುರುಪೆ ಒಂದೊಂದೂ ನನ್ನ ಅಂಗೈಯಗಲ. ಕಣ್ಣು ನಮ್ಮ ಕಡೆಗಿರಲಿಲ್ಲ, ಮೂತಿಯ ಕಡೆಗಿತ್ತು. ಆಮೇಲೆ ದಾರ ಸಡಿಲವಾಯಿತು. ಅದೇ ಗಳಿಗೆಗೆ ಮೂತಿ ಮೇಲೆದ್ದಿತು. ನೀವು ಎದ್ದು ಮುಂದೆ ಹೋಗಿ ಕೂತಿರಿ, ದೋಣಿಯನ್ನು ಸಮ ಮಾಡಿದಿರಿ.

ಮರಳುವಾಗ, ನಿಮ್ಮ ಲೈಸೆನ್ಸ್ ಕಿತ್ತುಕೊಂಡ ನದಿ ಕಚೇರಿಗೆ ಹೋಗಿ ಎಪ್ಪತ್ತೆಂಟು ಎಂದು ಬರೆದು ಸಹಿ ಹಾಕಿದೆ. ಗುಮಾಸ್ತ, “ಇಷ್ಟು ವರ್ಷ ಆದ್ಮೇಲೆ ಯಾಕ್ರೀ?” ಅಂದ. “ತಕ್ಕಡಿ ಕೆಟ್ಟಿತ್ತು” ಅಂದೆ.

ಅತ್ತಿಗೆಗೂ ಹೇಳಿದೆ. “ಆ ದೋಣಿಯವನಿಗೆ ಇಪ್ಪತ್ತೆರಡು ವರ್ಷ ಶಾಪ ಹಾಕಿದೆನಲ್ಲೋ. ಅದನ್ನೆಲ್ಲ ಈಗ ಯಾರ ಲೆಕ್ಕಕ್ಕೆ ಬರೀಲಿ?” ಅಂದರು. ನನ್ನದಕ್ಕೇ ಬರೀರಿ ಅಂದೆ. “ಬರ್ದಾಯ್ತು, ಏಳು” ಅಂತ ಬಾಗಿಲು ತೆರೆದರು.

ನಿಮ್ಮ ತಮ್ಮ


ಏಪ್ರಿಲ್ ೨೦

ತಮ್ಮಾ,

ನೀನು ಕಂಡದ್ದನ್ನು ನಾನೂ ಕಂಡೆ. ಅಷ್ಟು ಸಾಕು, ಅದರ ಬಗ್ಗೆ ಇನ್ನು ಬರೆಯಬೇಡ.

ಲೈಸೆನ್ಸ್ ಬಂತು. ಗೋಡೆಗೆ ಹಾಕಿದ್ದೇನೆ. ಎಪ್ಪತ್ತೊಂದು ವಯಸ್ಸಿಗೆ ಅದರಿಂದ ಎಷ್ಟು ಸಲ ದೋಣಿ ಇಳಿಸುತ್ತೇನೋ, ಆದರೆ ಬೆಳಿಗ್ಗೆ ಎದ್ದರೆ ಕಣ್ಣಿಗೆ ಬೀಳುತ್ತದೆ.

ನಾನೂ ಒಂದು ವಿಷಯ ಮುಚ್ಚಿಟ್ಟಿದ್ದೆ. ವಿಚಾರಣೆಯಲ್ಲಿ ಹೇಳಲಿಲ್ಲ, ಹೇಳಿದ್ದರೆ ಹುಚ್ಚನ ಸಾವು ಎನ್ನುತ್ತಿದ್ದರು. ನೀನು ಬಂದಾಗಲೂ ನಾಲಿಗೆ ಏಳಲಿಲ್ಲ. ದೋಣಿ ಮಗುಚಿದಾಗ ನಿಮ್ಮಣ್ಣ ನನ್ನಿಂದ ಒಂದು ಮಾರು ದೂರದಲ್ಲಿದ್ದರು. ಈಜು ಬರುತ್ತಿತ್ತು. ನಾನು ಹುಟ್ಟು ಚಾಚಿದೆ, ಅವರು ಹಿಡಿದರು. ಆಮೇಲೆ ತಿರುಗಿ ನೋಡಿದರು. ಕಲ್ಲು ಹಗ್ಗದ ಸಮೇತ ದೋಣಿಗೆ ಕಟ್ಟಿಕೊಂಡು ಒಳಗಿಳಿಯುತ್ತಿತ್ತು. “ಅವನಿಗೆ ಈಜು ಬರಲ್ಲ” ಅಂದರು, ಹುಟ್ಟು ಬಿಟ್ಟರು.

ಮುಂದಿನ ಬೇಸಿಗೆಯಲ್ಲಿ ನೀರು ಇಳಿದಾಗ ಮುಳುಗಿ ಕಲ್ಲು ತಂದೆ. ಪಕ್ಕದಲ್ಲಿ ಹಗ್ಗವಿತ್ತು. ನಾನು ಹಾಕಿದ ಗಂಟು ಹರಿದಿರಲಿಲ್ಲ, ಕಡಿದಿರಲಿಲ್ಲ. ಬಿಚ್ಚಿತ್ತು.

ಆ ಕಲ್ಲನ್ನು ನಾಳೆಯ ಸೌದೆ ಲಾರಿಯಲ್ಲಿ ನಿನಗೆ ಕಳಿಸುತ್ತಿದ್ದೇನೆ. ನಿನ್ನದು, ಇಟ್ಟುಕೋ.

ಅಣ್ಣ


ಮೇ ೬

ಅಣ್ಣಾ,

ಕಲ್ಲು ಬಂತು. ಇಳಿಸಿದ ಹಮಾಲಿ, “ಸಾಹುಕಾರ್ರೇ, ಗುಜರೀಲಿ ಕಲ್ಲಿಗೂ ರೇಟು ಬಂತಾ?” ಅಂದ. ತಕ್ಕಡಿಯ ಮೇಲೆ ಇಡಿಸಿದೆ. ಐವತ್ನಾಲ್ಕು. ನನ್ನ ನಿಜವಾದ ತೂಕ ಆಗ ಅರವತ್ತಿತ್ತು. ಅಣ್ಣ ಬಿಡಿಸಲು ಹೋದ ತಮ್ಮನೂ ಆರು ಕಿಲೋ ಸುಳ್ಳೇ.

ಲೆಕ್ಕ ಮುಗಿಸುತ್ತೇನೆ. ಗಾಳದ ಅಂಗಡಿಯವನಿಗೆ ಇಪ್ಪತ್ತಮೂರು ಸಾವಿರದ ವ್ಯಾಪಾರವಾಯಿತು. ಮೀನಿಗೆ ಒಂದು ಉಂಡೆ, ತುಟಿಯಲ್ಲೊಂದು ತೂತು, ಇಡೀ ನದಿ. ಕಚೇರಿಗೆ ನನ್ನ ಸಹಿ. ನಿಮಗೆ ಲೈಸೆನ್ಸ್ ಬಂತು, ನಿಮ್ಮ ಕೈ ನಿಮಗೆ ವಾಪಸ್ಸಾಯಿತು. ಅತ್ತಿಗೆಗೆ ನಿಜ ಸಿಕ್ಕಿತು, ಮೈದುನ ಹೋದ. ನಮ್ಮಣ್ಣನಿಗೆ ಅವನ ಎಂಟು ಕಿಲೋ ಸೇರಿತು.

ನನಗೆ ಒಂದು ಕಲ್ಲು. ಅದನ್ನು ತಕ್ಕಡಿಯಿಂದ ಇಳಿಸಿ, ಪಕ್ಕದಲ್ಲಿ ನೆಟ್ಟಗೆ ಕೂರಿಸಿದ್ದೇನೆ. ತಕ್ಕಡಿ ಸರಿಹೋಗಿದೆ. ಬೆಳಿಗ್ಗೆ ಷಟರ್ ಎತ್ತಿ, ದೀಪ ಹಾಕುವ ಮೊದಲೇ ಹೋಗಿ ಮುಳ್ಳು ನೋಡುತ್ತೇನೆ. ಸೊನ್ನೆ. ಯಾರೂ ಇಲ್ಲ.

ತಮ್ಮ